ಕೆಂಪು ನೀರಿನ ಹೊತ್ತು

ಕಳೆದ ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ ನಾನು ದೊಡ್ಡಮ್ಮನ ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಒಂದು ಕಾಲು ಹೊಸ್ತಿಲ ಒಳಗೆ, ಒಂದು ಹೊರಗೆ. ಹಿಂದಿನ ದಿನದ ಮಳೆಗೆ ನೆನೆದ ಕಂಬಳಿಯನ್ನು ಅವಳು ಒಗೆಯುವ ಕಲ್ಲಿನ ಮೇಲೆ ಹರಡುತ್ತಿದ್ದಳು. ಒದ್ದೆ ಉಣ್ಣೆಯ ವಾಸನೆ ಬಂತು. ಕುರಿ ಮೈಯ ಜಿಡ್ಡು, ಒಲೆಯ ಹೊಗೆ, ಹೊಳೆಯ ಮರಳು... ಆ ಕಂಬಳಿ ದೊಡ್ಡಪ್ಪನದು. ಅವನು ಹೋಗಿ ಒಂಬತ್ತು ವರ್ಷವಾಯಿತು.

ದೊಡ್ಡಪ್ಪ ಅಂದರೆ ನಮ್ಮಪ್ಪನ ಅಣ್ಣ. ಕುರಿ ಸಾಕುತ್ತಿದ್ದ. ನಮ್ಮೂರು ಹಾರೋಹಳ್ಳಿಗೂ ಕನಕಪುರಕ್ಕೂ ನಡುವೆ, ಹೊಳೆಯ ಅಂಚಿಗಿದೆ. ಓದು ಬರಹ ಇಲ್ಲದ ಅವನಿಗೆ ಹೊಳೆಗಳ ದಾರಿಯೆಲ್ಲ ಬಾಯಿಪಾಠ. ದೊಣ್ಣೆಯ ತುದಿಯಿಂದ ಮರಳಲ್ಲಿ ಗೆರೆ ಎಳೆದು ತೋರಿಸುತ್ತಿದ್ದ. ನಂದಿ ಬೆಟ್ಟದಿಂದ ಇಳಿದು, ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ ನಿಂತು, ರಾಮನಗರದ ಬಂಡೆಗಳ ಮಗ್ಗುಲಿಗೆ ಬರುವ ಅರ್ಕಾವತಿ ಉದ್ದನೆಯ ಗೆರೆ. ಬೆಂಗಳೂರಿನ ಒಳಗೇ ಹುಟ್ಟಿ, ಬೈರಮಂಗಲದ ಕೆರೆ ಹೊಕ್ಕು, ಅಲ್ಲಿಂದ ನಮ್ಮ ಕಡೆಗೆ ಇಳಿಯುವ ವೃಷಭಾವತಿ ಇನ್ನೊಂದು. ಬನ್ನೇರುಘಟ್ಟದ ಕಾಡಿನಿಂದ ಬರುವ ಸುವರ್ಣಮುಖಿ ಗಿಡ್ಡ ಗೆರೆ; ಅದು ನಮ್ಮೂರಿಗೆ ಸ್ವಲ್ಪ ಮೇಲೆ ವೃಷಭಾವತಿಗೆ ಸೇರುತ್ತದೆ. ಕೂಡಿದ ನೀರು ನಮ್ಮೂರು ದಾಟಿ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ.

ಚನ್ನಪಟ್ಟಣದ ಕಣ್ವ ಎಲ್ಲಿ ಬರುತ್ತೆ ಅಂತ ಒಮ್ಮೆ ಕೇಳಿದ್ದೆ.

"ಅವ್ಳು ನಮ್ಮನೆಯೋಳಲ್ಲ ಕಣ್ಲಾ. ಶಿಂಷೆ ಮನೆಗೆ ಕೊಟ್ಟವ್ರೆ. ಕಾವೇರಿ ಮನೇಲಿ ಸಿಕ್ತಾಳೆ, ಅಷ್ಟೆ."

ಉಣ್ಣೆ ಕತ್ತರಿಸುವ ಮುಂಚೆ ಕುರಿಯನ್ನು ಹರಿಯುವ ನೀರಲ್ಲಿ ತೊಳೆಯಬೇಕು. ಮಣ್ಣು ಹಿಡಿದ ಉಣ್ಣೆಗೆ ಕತ್ತರಿ ಓಡುವುದಿಲ್ಲ. ಆದರೆ ನಮ್ಮ ಹೊಳೆಯಲ್ಲಿ ವರ್ಷವಿಡೀ ಹರಿಯುತ್ತಿದ್ದದ್ದು ಬೆಂಗಳೂರಿನ ಕರಿ ನೀರು. ಅದಕ್ಕೆ ದೊಡ್ಡಪ್ಪ ಒಂದು ದಾರಿ ಕಂಡುಕೊಂಡಿದ್ದ. ಜೋರು ಮಳೆಯಾದರೆ ಸುವರ್ಣಮುಖಿ ಗಿಡ್ಡ ಹೊಳೆಯಾದ್ದರಿಂದ ಮೊದಲು ಬರುತ್ತಾಳೆ, ಕಾಡಿನ ಕೆಂಪು ಮಣ್ಣು ಹೊತ್ತು. ಅದೇ ಮಳೆಗೆ ಬೆಂಗಳೂರಿನಿಂದ ಕೊಚ್ಚಿ ಬರುವ ಕೊಳಕನ್ನು ಬೈರಮಂಗಲದ ಕೆರೆ, ತುಂಬಿರದಿದ್ದರೆ, ಒಂದು ದಿನವಾದರೂ ತಡೆಯುತ್ತದೆ. ಆ ನಡುವೆ ನಮ್ಮ ಹೊಳೆ ಕೆಂಪಗಾಗುತ್ತದೆ. ಕುರಿ ತೊಳೆಯುವುದು ಆಗ ಮಾತ್ರ. ಅವನು ಅದನ್ನು ಕೆಂಪು ನೀರಿನ ಹೊತ್ತು ಅನ್ನುತ್ತಿದ್ದ. ಅದು ಎಷ್ಟು ಹೊತ್ತು ಅನ್ನುವುದು ಕೆರೆಯಲ್ಲಿ ಎಷ್ಟು ಜಾಗ ಖಾಲಿಯಿದೆ ಅನ್ನುವುದರ ಮೇಲೆ. ಸುತ್ತಿನ ಕುರಿಯವರೆಲ್ಲ ಅವನ ಮಾತು ಕೇಳಿಯೇ ಹೊಳೆಗೆ ಇಳಿಯುತ್ತಿದ್ದರು. ಒಂದು ಸಲವೂ ತಪ್ಪಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ನನಗೆ ಇಪ್ಪತ್ತಾರು. ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಕಂಪನಿ ಬಸ್ಸು ದಿನಾ ಬೈರಮಂಗಲದ ಕೆರೆ ಪಕ್ಕದಲ್ಲೇ ಹೋಗುತ್ತಿತ್ತು. ಒಂದು ಸಂಜೆ ಆರೂವರೆಗೆ ಮನೆಗೆ ಬಂದೆ. ಬನ್ನೇರುಘಟ್ಟದ ದಿಕ್ಕಿನಲ್ಲಿ ಮೋಡ ಕರಗಿ ಮಳೆ ಸುರಿಯುತ್ತಿತ್ತು. ದೊಡ್ಡಪ್ಪ ಜಗಲಿಯ ಮೇಲೆ ಕೂತಿದ್ದ. ದೊಡ್ಡಮ್ಮ ಬಾಗಿಲ ಹತ್ತಿರ ಅವರೆಕಾಯಿ ಸುಲಿಯುತ್ತಿದ್ದಳು.

"ಕೆರೆ ಎಷ್ಟೈತ್ಲಾ?" ಅಂದ.

"ಅರ್ಧ ಇರ್ಬೇಕು ದೊಡ್ಡಪ್ಪ."

"ಇರ್ಬೇಕು ಅಂದ್ರೆ? ನೋಡ್ದಾ?"

"ನೋಡ್ದೆ."

ನಾನು ನೋಡಿರಲಿಲ್ಲ. ಕೆರೆ ಹತ್ತಿರ ಬಂದರೆ ವಾಸನೆಗೆ ಬಸ್ಸಿನವರೆಲ್ಲ ಗಾಜು ಎಳೆದುಕೊಂಡು ಕಣ್ಣು ಮುಚ್ಚುತ್ತಿದ್ದೆವು. ಅರ್ಧ ಅನ್ನುವುದು ಸುಮ್ಮನೆ ಬಾಯಿಗೆ ಬಂದ ಮಾತು. ಹಸಿವಾಗಿತ್ತು, ಒಳಗೆ ಹೋಗಬೇಕಿತ್ತು...

ಬೆಳಗ್ಗೆ ಹೊಳೆ ಕೆಂಪಗೆ ಬಂದಿತ್ತು. ನಾನು ರಜೆ ಹಾಕಿದ್ದೆ. ನಮ್ಮವು ಅರವತ್ತೆರಡು ಕುರಿ. ಪಕ್ಕದ ಹಳ್ಳಿಯ ಪುಟ್ಟಸಿದ್ದ ನಲವತ್ತು ಹೊಡೆದುಕೊಂಡು ಬಂದಿದ್ದ. ಉಣ್ಣೆ ಕತ್ತರಿಸುವ ಮುದುಕನೊಬ್ಬ ದಡದಲ್ಲಿ ಕತ್ತರಿ ಮಸೆಯುತ್ತಿದ್ದ.

"ಏನಣ್ಣಯ್ಯ, ಹೊಳೆಗೆ ಫೋನ್ ಮಾಡಿ ಕೇಳ್ಕಂಡ್ ಬಂದ್ಯಾ?" ಅಂದ ಪುಟ್ಟಸಿದ್ದ.

"ಅವ್ಳು ಫೋನ್ ಎತ್ತಾಕಿಲ್ಲ ಕಣ್ಲಾ, ಬಣ್ಣ ತೋರಿಸ್ತಾಳೆ. ಸಂಜೆಗಂಟ ಹೊತ್ತೈತೆ. ಇಳಿ, ಒಸಿ ನಿನ್ ಮೈನೂ ತೊಳ್ಕೊ."

ನಾನು ದಡದಿಂದ ನಾಲ್ಕು ಮಾರು ಒಳಗೆ, ತೊಡೆಮಟ್ಟದ ನೀರಲ್ಲಿ, ಹೊಳೆ ಬರುವ ಕಡೆಗೆ ಮುಖ ಮಾಡಿ ನಿಂತಿದ್ದೆ. ಕೈಯಲ್ಲಿ ಒಂದು ಮರಿ ಇತ್ತು. ತಿರುವಿನಲ್ಲಿ ಮೊದಲು ಬಿಳಿ ಕಂಡಿತು. ಕೊಕ್ಕರೆಗಳು ಅಂದುಕೊಂಡೆ. ಆಮೇಲೆ ಆ ಬಿಳಿ ಹೊಳೆಯ ಅಗಲಕ್ಕೂ ಹರಡಿತು, ಎದೆಯೆತ್ತರ. ನೊರೆ. ಅದರ ಅಡಿಯಲ್ಲಿ ಕರಿ ನೀರು. ನಾನು ಕೂಗುವ ಮೊದಲೇ ವಾಸನೆ ಬಂದುಬಿಟ್ಟಿತ್ತು.

ದೊಡ್ಡಪ್ಪ ನೊರೆಯನ್ನು ನೋಡಿದ. ಆಮೇಲೆ ತಲೆಯೆತ್ತಿ ಸೂರ್ಯ ಎಷ್ಟು ಮೇಲೆ ಬಂದಿದೆ ಅಂತ ನೋಡಿದ. ಇನ್ನೂ ಹನ್ನೊಂದು ಗಂಟೆ ಆಗಿರಲಿಲ್ಲ.

ಇದ್ದಷ್ಟನ್ನು ದಡಕ್ಕೆ ಎಳೆದೆವು. ಹದಿನಾಲ್ಕು ಕುರಿ ನೊರೆಯೊಳಗೆ ಹೋದವು, ಸದ್ದು ಕೂಡ ಬರಲಿಲ್ಲ. ನನ್ನ ಕೈಯ ಮರಿ ಕೈಯಲ್ಲೇ ಇತ್ತು, ಆದರೆ ಉಸಿರಿರಲಿಲ್ಲ. ಕರಿ ನೀರು ಕುಡಿದವು ಮೂರು ದಿನ ಕೆಮ್ಮಿ ಕೆಮ್ಮಿ ಬಿದ್ದವು. ಕೊನೆಗೆ ರೊಪ್ಪದಲ್ಲಿ ಉಳಿದದ್ದು ನಮ್ಮವು ಹತ್ತೊಂಬತ್ತು, ಪುಟ್ಟಸಿದ್ದನವು ಆರು.

"ನಿನ್ ಮಾತು ನಂಬ್ಕೊಂಡ್ ಬಂದೆ ಅಣ್ಣಯ್ಯ," ಅಂದ ಪುಟ್ಟಸಿದ್ದ. ಅವನು ಜಗಳಕ್ಕೆ ಬಂದಿರಲಿಲ್ಲ. ಅತ್ತಿದ್ದ.

"ನನ್ ಲೆಕ್ಕ ತಪ್ತು ಕಣ್ಲಾ," ಅಂದ ದೊಡ್ಡಪ್ಪ. ನಾನು ಪಕ್ಕದಲ್ಲೇ ನಿಂತಿದ್ದೆ.

ನಾಲ್ಕನೇ ದಿನ ಕೆಲಸಕ್ಕೆ ಹೊರಟೆ. ಬೈರಮಂಗಲದಲ್ಲಿ ಬಸ್ಸಿನ ಗಾಜು ಸರಿಸಿ ನೋಡಿದೆ. ಕೆರೆ ತುಂಬಿ ಕೋಡಿಯ ಮೇಲೆ ನೊರೆ ಇಳಿಯುತ್ತಿತ್ತು. ಪಕ್ಕದವನು, "ವಾರದಿಂದ ಅಂಚಿಗೇ ಬಂದು ನಿಂತಿತ್ತಲ್ಲ, ನೋಡಿಲ್ವಾ?" ಅಂದ.

ಉಳಿದ ಕುರಿಗಳನ್ನು ದೊಡ್ಡಪ್ಪ ಮಾರಿಬಿಟ್ಟ. ಒಂದು ತಿಂಗಳು ಕಳೆದ ಮೇಲೆ ಅಂಗಳದಲ್ಲಿ ಗೆರೆ ಎಳೆಯುತ್ತಾ ಕೇಳಿದ, "ಕೆರೆ ಅರ್ಧಾನೇ ಇತ್ತಲ್ವೇನ್ಲಾ?"

ಆಗಲಾದರೂ ಹೇಳಬಹುದಿತ್ತು.

"ಹ್ಞೂಂ ದೊಡ್ಡಪ್ಪ."

"ಹಂಗಾದ್ರೆ ನಡುವೆ ನಂಗೊತ್ತಿಲ್ದಿರೋ ಹಳ್ಳ ಯಾವ್ದೋ ಬಂದ್ ಸೇರ್ತಾ ಐತೆ."

ಅವನು ಅದನ್ನು ಹುಡುಕಲು ಹೊರಟ. ಬೆಳಗ್ಗೆ ಈ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊಳೆಯ ದಡ ಹಿಡಿದು ಮೇಲಕ್ಕೆ ಹೋಗುತ್ತಿದ್ದ. ಒಂದು ದಿನ ಎಡದಂಡೆ, ಒಂದು ದಿನ ಬಲದಂಡೆ. ಪ್ರತಿ ಮೋರಿ, ಪ್ರತಿ ಕೊರಕಲು ಹತ್ತಿ ನೋಡಿದ. ಸಂಜೆ ಬಂದು ಕಾಲು ತೊಳೆದುಕೊಂಡು, "ಸಿಕ್ಕಿಲ್ಲ" ಅನ್ನುತ್ತಿದ್ದ. ಎರಡು ವರ್ಷ ಹೀಗೆ. ಕುರಿಯವರು ಯಾರಾದರೂ ನೀರಿನ ವಿಷಯ ಕೇಳಲು ಬಂದರೆ, "ನಂಗ್ ಹೊಳೆ ಗೊತ್ತಿಲ್ಲ ಕಣಪ್ಪ, ಬೇರೆಯೋರ್ನ ಕೇಳಿ" ಅಂದು ಕಳಿಸುತ್ತಿದ್ದ. ಕಾಲು ಊದಿಕೊಂಡು ಮಲಗಿದ ಮೇಲೂ ಕೈಬೆರಳು ಚಾಪೆಯ ಮೇಲೆ ಗೆರೆ ಎಳೆಯುತ್ತಿತ್ತು...

ಇಲ್ಲದ ಹಳ್ಳವನ್ನು ಹುಡುಕುತ್ತಲೇ ಅವನು ಸತ್ತ. ಈಗ ನಮ್ಮೂರಲ್ಲಿ ಯಾರೂ ಕುರಿ ತೊಳೆಯುವುದಿಲ್ಲ. ಕೆರೆ ಸದಾ ತುಂಬಿಯೇ ಇರುತ್ತದೆ; ಸುವರ್ಣಮುಖಿ ಬಂದರೂ ಹೊಳೆ ಕೆಂಪಗಾಗುವುದನ್ನು ನಾನು ಕಂಡಿಲ್ಲ. ಹೋಗಿ ನೋಡಿದ್ದೇನೆ, ಐದು ಮಳೆಗಾಲ. ನೋಡಿಯೇ ಹೇಳುತ್ತಿದ್ದೇನೆ.

ಭಾನುವಾರ ಹಿತ್ತಲಲ್ಲಿ ದೊಡ್ಡಮ್ಮನಿಗೆ ಹೇಳಿಬಿಡೋಣ ಅಂತ ಬಾಯಿ ತೆರೆದೆ. "ಆ ತುದಿ ಹಿಡ್ಕೊ," ಅಂದಳು. ಇಬ್ಬರೂ ಕಂಬಳಿ ಹಿಂಡಿದೆವು. ಕಂದು ಬಣ್ಣದ ನೀರು ಕಲ್ಲಿನ ಮೇಲೆ ಇಳಿದು ಹೋಯಿತು. ಅವಳು ನನ್ನ ಮುಖ ನೋಡಲಿಲ್ಲ.

ಅಂದು ಹೊಳೆಯಲ್ಲಿ ನಡೆದದ್ದನ್ನು ಕಂಡವರು ನಾಲ್ವರು. ದೊಡ್ಡಪ್ಪ ಇಲ್ಲ, ಕತ್ತರಿಯ ಮುದುಕನೂ ಇಲ್ಲ. ಪುಟ್ಟಸಿದ್ದ ಇದ್ದಾನೆ, ಹಾರೋಹಳ್ಳಿಯ ಕಾರ್ಖಾನೆಯೊಂದರ ಗೇಟಿನಲ್ಲಿ ವಾಚ್‌ಮನ್. ಹಿಂದಿನ ಸಂಜೆ ಜಗಲಿಯಲ್ಲಿ ನಾನು "ನೋಡ್ದೆ" ಅಂದದ್ದನ್ನು ಕೇಳಿದವರು ಇಬ್ಬರು. ಅವರಲ್ಲಿ ದೊಡ್ಡಮ್ಮ ಇದ್ದಾಳೆ. ಹೇಳಿದ ನಾನೂ ಇದ್ದೇನೆ.