ಲುಪ್ತೋಪಮೆಯ ಕೈ

ನಮ್ಮ ಕನ್ನಡ ಮಿಸ್ಸಿನ ಎಡಗೈಯ ತೋರುಬೆರಳು ಅರ್ಧಕ್ಕೇ ಮುಗಿದಿತ್ತು. ಚಿಕ್ಕಂದಿನಲ್ಲಿ ಮದ್ದೂರಿನ ಹತ್ತಿರದ ತಮ್ಮೂರು ವೈದ್ಯನಾಥಪುರದ ಆಲೆಮನೆಯಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕಿತ್ತಂತೆ. ಬೇರೆಯವರಾಗಿದ್ದರೆ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು. ಇವರು ಅದನ್ನೇ ಎತ್ತಿ ಹಿಡಿದು ಅಲಂಕಾರ ಕಲಿಸಿದರು. ಮೊದಲು ಬಲಗೈಯ ನಾಲ್ಕು ಬೆರಳು ಬಿಡಿಸುವರು: ಯಾವುದನ್ನು ಹೋಲಿಸುತ್ತೇವೋ ಅದು ಉಪಮೇಯ, ಯಾವುದಕ್ಕೆ ಹೋಲಿಸುತ್ತೇವೋ ಅದು ಉಪಮಾನ, ‘ಅಂತೆ’, ‘ಹಾಗೆ’ ಅನ್ನುವುದು ವಾಚಕ, ಎರಡಕ್ಕೂ ಇರುವ ಒಂದೇ ಗುಣ ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ. ಆಮೇಲೆ ಎಡಗೈ ಎತ್ತಿ, “ಒಂದು ಕಮ್ಮಿ ಆದ್ರೆ ನೋಡಿ, ಇದು, ಲುಪ್ತೋಪಮೆ. ಇಲ್ದೇ ಇರೋದ್ನ ನೀವೇ ಹುಡುಕ್ಬೇಕು ಕಣ್ರೋ” ಎನ್ನುವರು.

ನಾನು ಪೂರಿಗಾಲಿಯವಳು. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದೆ, ಅದೂ ಕನ್ನಡದಲ್ಲಿ! ಊರೆಲ್ಲ ನಕ್ಕಿತು. ಅಪ್ಪ ಗಂಡು ಹುಡುಕಲು ಹೊರಟ. ಮಿಸ್ ಮಳವಳ್ಳಿಯಿಂದ ಬಸ್ಸು ಹತ್ತಿ ಮನೆಗೇ ಬಂದು, ಅಪ್ಪನ ಎದುರು ಜಗಲಿಯ ಮೇಲೆ ಕೂತರು. “ಎರಡು ತಿಂಗ್ಳು ಬುಡಿ ನನ್ ಕೈಗೆ. ಆಮ್ಯಾಕೂ ಫೇಲಾದ್ರೆ ನನ್ನ ಕೇಳಿ.”

ತಪ್ಪು ಬರೆದರೆ ನಗುತ್ತಾರೆಂದು ಹೆದರಿ ಪರೀಕ್ಷೆಯಲ್ಲಿ ಅರ್ಧ ಪ್ರಶ್ನೆಗಳನ್ನು ನಾನು ಮುಟ್ಟಿಯೇ ಇರಲಿಲ್ಲ. ಅದಕ್ಕೆ ಸರಿಯಾಗಿ ಬೈಸಿಕೊಂಡೆ. “ಖಾಲಿ ಮಾತ್ರ ಬುಟ್ಟು ಬರ್ಬ್ಯಾಡ ಕಣಮ್ಮಿ. ತಪ್ಪಾದ್ರೂ ಸರಿ, ಬರಿ.” ಸ್ವಂತದ್ದೊಂದು ಉಪಮೆ ಬರೆ ಎಂದರು. ‘ನಮ್ಮವ್ವ ಬಾವಿಯ ಹಗ್ಗದಂತೆ ಸವೆದಿದ್ದಾಳೆ’ ಎಂದು ಬರೆದೆ. ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. “ಯಾರಮ್ಮಿ ನಿನ್ನ ದಡ್ಡಿ ಅಂದೋರು?” ಅಲ್ಲಿಂದಾಚೆ ನಿವೃತ್ತಿಯವರೆಗೂ ಪ್ರತಿ ವರ್ಷ ಬೋರ್ಡಿನ ಮೇಲೆ ಅದೇ ವಾಕ್ಯ ಬರೆದು ಪೂರ್ಣೋಪಮೆ ಪಾಠ ಮಾಡಿದರಂತೆ. ನಾನು ಪಾಸಾದೆ. ಈಗ ಮಂಡ್ಯದಲ್ಲಿ ನಾನೂ ಕನ್ನಡ ಮಿಸ್.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಸುದ್ದಿ ತಿಳಿದು ಗುತ್ತಲಿನ ನನ್ನ ಮನೆಯಿಂದ ಮಂಡ್ಯದ ಆಸ್ಪತ್ರೆಗೆ ಓಡಿದೆ. ಅಯ್ಯೋ, ಆ ಪೂರ್ಣೋಪಮೆಯ ಕೈ ಹಾಸಿಗೆಯ ಮೇಲೆ ಸತ್ತು ಬಿದ್ದಿತ್ತು. ಮೂಗಿನಲ್ಲಿ ಕೊಳವೆ. ದಿನಕ್ಕೆ ಎರಡು ಮಾತು ಹೊರಟರೆ ಹೆಚ್ಚು. ನಾಲ್ಕನೆಯ ದಿನ ಅವರ ತಂಗಿಯ ಮಗಳು ನನ್ನ ಕೈ ಹಿಡಿದುಕೊಂಡಳು.

“ಮೈಸೂರಿಗೆ ಕರ್ಕೊಂಡೋಗಿ ಅಂತವ್ರೆ ಡಾಕ್ಟ್ರು. ಉಳಿಯೋದು ಮಾತ್ರ ಗ್ಯಾರಂಟಿ ಇಲ್ವಂತೆ. ಮೈಸೂರ್ಗಾ, ಊರ್ಗಾ? ದೊಡ್ಡಮ್ಮನ ಮಾತು ನಿಮಗೊಬ್ರಿಗೇ ಅರ್ಥ ಆಗೋದು. ಕೇಳಿ ಅಕ್ಕ.”

ಕಿವಿಯ ಬಳಿ ಬಾಗಿ ಕೇಳಿದೆ. ತುಟಿ ಬಹಳ ಹೊತ್ತು ಒದ್ದಾಡಿತು.

“ಹಗ್ಗ…” ಎಂದರು. ಉಸಿರು ತೆಗೆದುಕೊಂಡು, “…ಅಂತೆ.”

ಎಡಗೈ ಮೇಲೆದ್ದಿತು. ಅರ್ಧ ಬೆರಳು ನನ್ನ ಮುಖದ ಮುಂದೆ ನಿಂತಿತು. ಉಪಮಾನ ಇತ್ತು, ವಾಚಕ ಇತ್ತು. ಇಲ್ಲದ್ದನ್ನು ನಾನು ಹುಡುಕಬೇಕಿತ್ತು. ಹುಡುಕುವುದೇನು ಬಂತು? ಅದು ನನ್ನದೇ ವಾಕ್ಯ. ಅವ್ವನ ಜಾಗದಲ್ಲಿ ಈಗ ಅವರಿದ್ದರು. ಸವೆದಿದ್ದೀನಿ, ಸಾಕು, ಊರಿಗೆ ಕರೆದುಕೊಂಡು ಹೋಗು.

“ಏನಂದ್ರು ಅಕ್ಕ?”

“ಗೊತ್ತಾಗ್ಲಿಲ್ಲ ಕಣಮ್ಮ” ಎಂದುಬಿಟ್ಟೆ.

ಹೇಗಾದರೂ ಬದುಕಲಿ, ಮಾತಿಲ್ಲದಿದ್ದರೂ ಇರಲಿ ಎಂಬ ಆಸೆ. ಹಾಳಾದ ಆಸೆ. ಮಿಸ್ ನನ್ನನ್ನೇ ನೋಡಿದರು. ನಾನು ಸುಳ್ಳು ಹೇಳಿದರೆ ಅವರಿಗೆ ತಿಳಿಯದ ದಿನ ಯಾವುದಿತ್ತು? ಮೆಲ್ಲಗೆ ಕೈ ಇಳಿಸಿದರು.

ಮೈಸೂರಿನ ದಾರಿಯಲ್ಲಿ, ಶ್ರೀರಂಗಪಟ್ಟಣ ಇನ್ನೂ ಮುಂದಿರುವಾಗಲೇ, ಆಂಬುಲೆನ್ಸಿನಲ್ಲಿ ಉಸಿರು ನಿಂತಿತು. ಅವರು ಬಯಸಿದ ಊರು ಹಿಂದೆ, ಮದ್ದೂರಿನ ಕಡೆಗೆ ಉಳಿಯಿತು. ಆ ಅರ್ಧ ಬೆರಳು ನನ್ನ ಮುಷ್ಟಿಯಲ್ಲಿತ್ತು.

ಪರೀಕ್ಷೆಯ ಹಿಂದಿನ ದಿನ ನನ್ನ ತರಗತಿಯ ಮಕ್ಕಳಿಗೆ ನಾನೂ ಅದನ್ನೇ ಹೇಳುತ್ತೇನೆ, ಖಾಲಿ ಮಾತ್ರ ಬಿಟ್ಟು ಬರಬೇಡಿ ಎಂದು. ಮಿಸ್ ನನಗೆ ಕೊಟ್ಟ ಕಡೆಯ ಪ್ರಶ್ನೆಗೆ ಉತ್ತರ ಚೆನ್ನಾಗಿ ಗೊತ್ತಿತ್ತು. ಖಾಲಿ ಬಿಟ್ಟು ಬಂದೆ.