ಸಣ್ಣ ಸರಕಾರ ಮತ್ತು ಕೂಸಿನ ಮನೆ

ಕೂಸಿನ ಮನೆಯ ಬಾಗಿಲಿನ ಚಿಲಕವನ್ನು ಮಕ್ಕಳ ಕೈಗೆ ಎಟುಕದಂತೆ ಕೆಳಗಿನಿಂದ ಕಿತ್ತು ಮೇಲೆ ಹಾಕಿಸಿದ್ದೆವು. ಹಳೆಯ ಮೊಳೆಗಳು ಬಿಟ್ಟ ನಾಲ್ಕು ತೂತುಗಳು ಹಾಗೆಯೇ ಉಳಿದವು. ಆಗಷ್ಟೇ ನಡೆಯಲು ಕಲಿತ ಮಕ್ಕಳು ಆ ತೂತುಗಳಿಗೆ ಬೆರಳು ತುರುಕುವುದು, ತೆಗೆಯುವುದು, ಆಮೇಲೆ ಕಣ್ಣಿಟ್ಟು ಹೊರಗಿನ ರಸ್ತೆ ನೋಡುವುದು.

ಈಗ ಕಾಗವಾಡ ತಾಲೂಕಿನಲ್ಲಿರುವ ನಾನು ಎರಡು ವರ್ಷದ ಹಿಂದೆ ನಿಪ್ಪಾಣಿ ತಾಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಿದ್ದೆ. ಊರಿನ ಹೆಸರು ಇಲ್ಲಿ ಬೇಡ. ಸದಲಗಾದ ಸಂತೆಗೆ ಹೋಗುವ ಊರು. ಹೊಲದಲ್ಲಿ ಕಬ್ಬು, ಮನೆಮಾತು ಕೆಲವರದು ಕನ್ನಡ, ಕೆಲವರದು ಮರಾಠಿ, ಜಗಳ ಮಾತ್ರ ಎರಡರಲ್ಲೂ. ಪಂಚಾಯಿತಿಯಲ್ಲಿ ನಿರ್ಧಾರ ತೆಗೆದುಕೊಳ್ಳುವವರು ಆರಿಸಿ ಬಂದ ಸದಸ್ಯರು ಮತ್ತು ಗ್ರಾಮಸಭೆ. ಆ ನಿರ್ಧಾರವನ್ನು ಬರೆದಿಡುವುದು, ಜಾರಿ ಮಾಡುವುದು, ತಪ್ಪಾದರೆ ಉತ್ತರ ಹೇಳುವುದು ಪಿಡಿಒ ಕೆಲಸ. ನಿರ್ಣಯಕ್ಕೆ ಅಲ್ಲಿಯ ಜನ ಠರಾವು ಎನ್ನುತ್ತಾರೆ. ಯಾವ ಠರಾವೇ ಇರಲಿ, 'ಸರ್ವಾನುಮತದಿಂದ' ಎಂದು ಬರೆಯುವುದು ಅಲ್ಲಿಯ ರೂಢಿ. ಹಿಂದಿನ ನಡಾವಳಿಗಳನ್ನು ಓದಿದರೆ ಆ ಊರಿನಲ್ಲಿ ಯಾರೂ ಯಾವುದಕ್ಕೂ ಬೇಡ ಎಂದದ್ದೇ ಇಲ್ಲ ಅನ್ನಿಸುತ್ತಿತ್ತು.

ಕೂಸಿನ ಮನೆ ಎಂದರೆ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಚಿಕ್ಕ ಮಕ್ಕಳನ್ನು ಹಗಲು ನೋಡಿಕೊಳ್ಳುವ ಜಾಗ. ಊರಿನ ಹೆಣ್ಣುಮಕ್ಕಳೇ ತರಬೇತಿ ಪಡೆದು ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಕಬ್ಬಿನ ಕೆಲಸಕ್ಕೆ ಹೋಗುವವರೂ ಮಕ್ಕಳನ್ನು ತಂದು ಬಿಡತೊಡಗಿದ್ದರು. ನಾವು ಬೇಡ ಎನ್ನಲಿಲ್ಲ.

ನಾನು ಧಾರವಾಡದಲ್ಲಿ ರಾಜ್ಯಶಾಸ್ತ್ರ ಓದಿದವಳು. ಎಡ, ಬಲ, ಉದಾರವಾದ, ಸಮಾಜವಾದ ಇವುಗಳಿಗೆ ಪರೀಕ್ಷೆಯಲ್ಲಿ ವ್ಯಾಖ್ಯೆ ಬರೆದು ಅಂಕ ಪಡೆದಿದ್ದೇನೆ. ಊರಿನಲ್ಲಿ ಅವೇ ಪದಗಳು ವ್ಯಾಖ್ಯೆ ಬಿಟ್ಟು ಬರುತ್ತವೆ. ಕೂಸಿನ ಮನೆ ಬರುವುದಕ್ಕೂ ಹಿಂದಿನ ವರ್ಷ ಪಂಚಾಯಿತಿಯಿಂದ ಜಿಮ್ ತೆರೆಯಬೇಕೆಂದು ಸದಸ್ಯರು ಹೊರಟಾಗ, ಊರಿನ ತರುಣನೊಬ್ಬ ಆಗಲೇ ಒಂದು ನಡೆಸುತ್ತಿದ್ದಾನೆ, ನಾವು ಅವನ ಹೊಟ್ಟೆಯ ಮೇಲೆ ಹೊಡೆಯುವುದು ಬೇಡ ಎಂದು ಟಿಪ್ಪಣಿ ಹಾಕಿದೆ. ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ನಾನು 'ಖಾಸಗಿ ಮೇಡಂ' ಆದೆ. ಕೂಸಿನ ಮನೆ ಶುರುವಾದ ಮೇಲೆ ಅದೇ ಗುಂಪಿನಲ್ಲಿ 'ಕಮ್ಯುನಿಸ್ಟ್ ಮೇಡಂ' ಆದೆ.

ಕೂಸಿನ ಮನೆ ಮುಚ್ಚಬೇಕು ಎಂಬ ವಿಷಯವನ್ನು ಗ್ರಾಮಸಭೆಗೆ ತಂದವನು ಅಭಯ. ಕೊಲ್ಹಾಪುರದಲ್ಲಿ ಎಂಬಿಎ ಮಾಡಿ ಬಂದು ಮನೆಯ ಕಬ್ಬು, ದ್ರಾಕ್ಷಿ ನೋಡಿಕೊಳ್ಳುತ್ತಿದ್ದ. ಊರಿನ ಹಳೆಯ ವಾಡೆಯ, ಅಂದರೆ ಜಮೀನ್ದಾರರ ದೊಡ್ಡ ಮನೆಯ ಮೊಮ್ಮಗ. ಓದುವ ಅಭ್ಯಾಸವಿತ್ತು, ದನಿ ಏರಿಸುತ್ತಿರಲಿಲ್ಲ. ಅವನ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಪಂಚಾಯಿತಿ ಎಲ್ಲದಕ್ಕೂ ಕೈ ಹಾಕಿ ಯಾವುದನ್ನೂ ಪೂರ್ತಿ ಮಾಡುತ್ತಿಲ್ಲ, ಕಡಿಮೆ ಕೆಲಸ ಹಿಡಿದು ಅದನ್ನೇ ಸರಿಯಾಗಿ ಮಾಡಲಿ ಎನ್ನುವುದು ಅವನ ಮಾತಿನ ತಿರುಳು. ಅವನಿಗೆ ಎದುರು ನಿಂತವರು ಕಾಂಬಳೆ ಗುರೂಜಿ, ನಿವೃತ್ತ ಶಾಲಾ ಶಿಕ್ಷಕರು. ಬಡವರ ಮಕ್ಕಳನ್ನು ನೋಡದ ಸರಕಾರ ಇದ್ದರೇನು ಬಿಟ್ಟರೇನು ಎನ್ನುವುದು ಅವರ ನಿಲುವು.

ಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಕಬ್ಬಿನ ಕೆಲಸ ಮುಗಿಸಿ ಬಂದ ಹೆಂಗಸರು ಬೇವಿನ ಗಿಡದ ಬುಡದಲ್ಲಿ ಒಟ್ಟಾಗಿ ಕುಳಿತಿದ್ದರು. ಅಭಯ ಮೈಕು ಹಿಡಿದ.

"ಸರಕಾರ ರಸ್ತಾ ಮಾಡ್ಲಿ, ಗಟಾರ ಮಾಡ್ಲಿ, ದೀಪಾ ಹಾಕ್ಲಿ. ಕೂಸಿಗೆ ಉಣಸೂದು ಸರಕಾರದ ಕೆಲಸ ಅಲ್ಲ. ನನಗ ಬೇಕಾಗಿದ್ದು ಸಣ್ಣ ಸರಕಾರ."

ಹೆಂಗಸರ ಕಡೆ ನಗೆ ಎದ್ದಿತು. ಕೆಲವರು ಸೆರಗು ಬಾಯಿಗೆ ಅಡ್ಡ ಹಿಡಿದರು. ಯಾಕೆಂದು ನನಗೆ ತಿಳಿಯಲಿಲ್ಲ. ಅಭಯನ ಕಿವಿ ಮಾತ್ರ ಕೆಂಪಾಯಿತು.

ಗುರೂಜಿ ಎದ್ದು, ಇದು ಭಾಂಡವಲಶಾಹಿ ಮಂದಿಯ ಮಾತು ಎಂದರು. ನಿಮ್ಮದು ಕೆಂಪು ಬಾವುಟ, ನಿಮಗೆ ಎಲ್ಲವನ್ನೂ ಸರಕಾರವೇ ಮಾಡಬೇಕು ಎಂದು ಅಭಯ ತಿರುಗಿ ಹೇಳಿದ. "ಬಾವುಟಾ ಹಿಡದಿದ್ರ ಪೆನ್ಶನ್ ತಗೊಂಡು ಇಲ್ಲಿ ಕುಂದರತಿದ್ದೆನೇನಪಾ?" ಎಂದರು ಗುರೂಜಿ. ಎಡದವರು, ಬಲದವರು ಎಂದು ಮಾತು ಬೆಳೆಯಿತು. ಹಿಂದಿನಿಂದ ಯಾರೋ, "ಚಹಾ ಯಾವ ಕಡೇದು ಐತಿ, ಮೊದಲ ಅದನ್ನ ಹೇಳ್ರಿ" ಎಂದರು.

ಬೇಸತ್ತ ಅಧ್ಯಕ್ಷ ಅಣ್ಣಾಸಾಬ ಮೈಕು ಕಸಿದುಕೊಂಡು ನೇರವಾಗಿ ಕೇಳಿಬಿಟ್ಟರು: "ಕೂಸಿನ ಮನಿ ಸರಕಾರದ ಕೈಯಾಗ ಇರಬೇಕೋ, ಬ್ಯಾಡೋ?"

"ಬ್ಯಾಡ" ಎಂಬ ಕೂಗು ಬಂತು. ಗಟ್ಟಿಯಾಗಿ ಬಂದದ್ದು ಬೇವಿನ ಗಿಡದ ಬುಡದಿಂದ.

"ಆತಲ್ರಿ ಮೇಡಂ. ಮುಚ್ಚಾಕ ಸರ್ವಾನುಮತ. ಬರಕೋರಿ," ಎಂದರು ಅಣ್ಣಾಸಾಬ.

ನಾನು ಬರೆದುಕೊಳ್ಳಲಿಲ್ಲ. ಆ ಗುಂಪಿನಲ್ಲಿ ಶೇವಂತಾ ಇದ್ದಳು. ದಿನಾ ಬೆಳಿಗ್ಗೆ ತನ್ನ ಎರಡನೇ ಮಗಳನ್ನು ಕೂಸಿನ ಮನೆಯಲ್ಲಿ ಬಿಟ್ಟು ಕಬ್ಬಿಗೆ ಹೋಗುವವಳು. ಅವಳ ಕೂಗು ಎಲ್ಲರಿಗಿಂತ ಜೋರಾಗಿತ್ತು. ಅವಳನ್ನು ಎಬ್ಬಿಸಿ, ನಾಳೆಯಿಂದ ಮಗಳನ್ನು ಎಲ್ಲಿ ಬಿಡುತ್ತೀರಿ ಎಂದು ಕೇಳಿದೆ.

"ಎಲ್ಲಂದ್ರ? ಕೂಸಿನ ಮನ್ಯಾಗರಿ," ಎಂದಳು. "ಅದಕ್ಕಲ್ರಿ ಬ್ಯಾಡ ಅಂದದ್ದು."

"ಏನು ಬ್ಯಾಡ ಅಂದ್ರಿ?"

"ಸರಕಾರರ ಕೈಯಾಗ ಕೊಡೂದು ಬ್ಯಾಡ್ರಿ. ನಮ್ಮತ್ತಿ ಅವರ ವಖಾರದಾಗ ತಂಬಾಕ ಬಡಿಯೂವಾಗ ತೊಟ್ಲಾ ಅಲ್ಲೇ ತೊಲಿಗೆ ಕಟ್ಟತಿದ್ಲು. ಕೂಸು ಅತ್ರ ಎದ್ದು ಹೋಗಾಕೂ ಸರಕಾರರನ್ನ ಕೇಳಬೇಕಾಗಿತ್ತು. ಈಗ ಪಂಚಾಯ್ತಿದು ಐತಿ, ಪಂಚಾಯ್ತೀದ ಇರಲಿ."

ಆಗ ನನಗೆ ಅರ್ಥವಾಯಿತು. ಕಚೇರಿಗೆ ಬರುವವರ ಬಾಯಲ್ಲಿ ಅಭಯನ ಮನೆ 'ವಾಡೆ'. ಹೊಲದಲ್ಲಿ ದುಡಿಯುವವರ ಬಾಯಲ್ಲಿ ಆ ಮನೆಯ ಹಿರಿಯರು 'ಸರಕಾರ', ಮೊಮ್ಮಗ 'ಸಣ್ಣ ಸರಕಾರ'. ಬೆಂಗಳೂರಿನಲ್ಲಿ ಕೂತಿರುವುದಕ್ಕೂ ಅವರು ಅದೇ ಪದ ಬಳಸುತ್ತಾರೆ. ಆದರೆ ವಾಡೆಯ ಮಗ ಎದ್ದು ನಿಂತು ಸರಕಾರದ ಮಾತು ಎತ್ತಿದಾಗ, ಆ ಹೆಂಗಸರಿಗೆ ಮೊದಲು ನೆನಪಾದ ಸರಕಾರ ಬೆಂಗಳೂರಿನದಲ್ಲ. ಕೂಸಿನ ಮನೆಯನ್ನು ವಾಡೆಗೆ ಒಪ್ಪಿಸುತ್ತಿದ್ದಾರೆ ಎಂದುಕೊಂಡು ಅವರು ಬೇಡ ಎಂದಿದ್ದರು. ಮುಚ್ಚಬಾರದೆಂದು ಕೂಗಿದ್ದೇ ಮುಚ್ಚಲು ಒಪ್ಪಿಗೆಯಾಗಿತ್ತು.

ಶೇವಂತಾಳ ಪಕ್ಕದ ಮುದುಕಿ ನೆಲ ನೋಡುತ್ತ, "ಸಣ್ಣ ಸರಕಾರ ಬೇಕಂತ ತಾನ ಹೇಳಾಕತ್ತಾನ, ತನ್ನನ್ನ ತಾನ ಬೇಡಿಕೊಂಡಾಂಗ" ಎಂದಳು. ಇಡೀ ಅಂಗಳ ನಕ್ಕಿತು. ಅಭಯ ನಗಲಿಲ್ಲ. ಆ ತಂಬಾಕಿನ ಗೋದಾಮಿನ, ವಖಾರದ ಮಾತು ಅವನಿಗೆ ತಾಗಿದ್ದು ಮುಖದಲ್ಲಿ ಕಾಣುತ್ತಿತ್ತು.

ಅಣ್ಣಾಸಾಬ ನನ್ನ ಕಡೆ ಬಾಗಿ, ಕೇಳಿದ್ದಾಯಿತು, ಬೇಡ ಅಂದದ್ದಾಯಿತು, ಇನ್ನು ಹಿಂದೆ ಸರಿಯುವುದಿಲ್ಲ ಎಂದರು. ಪ್ರಶ್ನೆಯೇ ಅರ್ಥವಾಗದ ಮೇಲೆ ಉತ್ತರ ಬರೆದುಕೊಳ್ಳಲು ಆಗುವುದಿಲ್ಲ ಎಂದೆ.

"ಹಿಂಗ ಹಟಾ ಮಾಡಿದ್ರ ಬದಲಿ ಆಗತೈತ್ರಿ ಮೇಡಂ."

"ಮಾಡಸ್ರಿ. ಆದ್ರ ಆಗದಿದ್ದ ಠರಾವ ನನ್ನ ಕೈಲೆ ಬರಸಾಕ ಆಗೂದಿಲ್ಲ."

ನಾನು ಮೆಲ್ಲಗೆ ಹೇಳಿದ್ದೆ. ಮೈಕು ಅವರ ಕೈಯಲ್ಲಿ ಹಾಗೇ ಇತ್ತು, ಊರೆಲ್ಲ ಕೇಳಿತು. ಆಮೇಲೆ ಅವರು ಮೈಕನ್ನು ನನಗೇ ಕೊಟ್ಟು ಕುರ್ಚಿಗೆ ಒರಗಿದರು.

ನಾನು ಅಭಯ, ಗುರೂಜಿ ಇಬ್ಬರಿಗೂ ಒಂದು ಷರತ್ತು ಹಾಕಿದೆ. ಇನ್ನೊಮ್ಮೆ ಮಾತಾಡಿ, ಆದರೆ ಸರಕಾರ ಎಂಬ ಪದ ಬಳಸಬಾರದು, ಎಡ, ಬಲ, ಬಾವುಟ, ಭಾಂಡವಲ ಯಾವುದೂ ಬರಬಾರದು. ಮಾಡುವವರು ಯಾರು, ಮಾಡುವುದು ಏನು, ಅಷ್ಟನ್ನೇ ಹೇಳಿ ಎಂದೆ. ಗುರೂಜಿ ಎದ್ದು, "ಏನ್ ಉಳೀತ್ರಿ ಮತ್ತ ಮಾತಾಡಾಕ?" ಎಂದರು. ನಗೆಯೊಳಗೇ ಅವರಿಗೆ ಮಾತು ಸಿಕ್ಕಿತು. ಹಿಂದೆ ಶಾಲೆಯಲ್ಲಿ ಐದನೇ ತರಗತಿಯ ಹುಡುಗಿಯರು ತಮ್ಮ ತಂಗಿಯರನ್ನು ಕಂಕುಳಲ್ಲಿ ಎತ್ತಿಕೊಂಡೇ ಪಾಠಕ್ಕೆ ಬರುತ್ತಿದ್ದರು, ಕೂಸಿನ ಮನೆ ಬಂದ ಮೇಲೆ ಆ ಹುಡುಗಿಯರ ಕೈಗೆ ಪಾಟಿ-ಪುಸ್ತಕ ಬಂತು ಎಂದು ಹೇಳಿ ಕುಳಿತರು.

ಅಭಯನ ಸರದಿ. ವಖಾರದ ಮಾತಿಗೆ ಅವನು ಸಮಜಾಯಿಷಿ ಕೊಡಲಿಲ್ಲ. "ಅದು ಖರೇನ ಐತಿ" ಎಂದಷ್ಟೇ ಹೇಳಿ ಮುಂದುವರಿದ. "ಹರಿಜನ ಕೇರಿ ನಳ ಮಳಿಗಾಲದಿಂದ ಸೋರಾಕತ್ತೈತಿ. ಅದನ್ನ ಮುಚ್ಚಾಕ ಆಗದ ಪಂಚಾಯ್ತಿ ನಾಳೆ ಕೂಸಿಗೆ ಏನರ ಆದ್ರ ಜವಾಬ್ದಾರಿ ತಗೋತೈತೇನು? ಎರಡು ಕೆಲಸ ಅರ್ಧ ಮಾಡೂಕಿಂತ ಒಂದು ಪೂರ್ತಿ ಮಾಡ್ರಿ."

ಈ ಸಲ ಯಾರೂ ನಗಲಿಲ್ಲ. ಮಾತು ನಿಜವಾಗಿತ್ತು, ಆ ನಳದ ಹೊಣೆ ನನ್ನ ಕಚೇರಿಯದು. ಶೇವಂತಾ ಕೂತಲ್ಲಿಂದಲೇ, "ಸೋರೂ ನಳಾ ಮುಚ್ಚರಿ ಅಭಯಣ್ಣಾ. ಕೂಸಿನ ಮನಿ ಯಾಕ ಮುಚ್ಚತೀರಿ?" ಎಂದಳು. ಅವಳ ಹಿಂದೆ ಕುಳಿತಿದ್ದ ಇನ್ನೊಬ್ಬ ಹೆಂಗಸು ಮಾತ್ರ, ನನ್ನ ಕೂಸನ್ನು ನಮ್ಮತ್ತೆ ನೋಡುತ್ತಾಳೆ, ನನಗೆ ಮೊದಲು ನೀರು ಬೇಕು, ಅಭಯಣ್ಣನ ಮಾತು ಸರಿ ಇದೆ ಎಂದಳು. ಶೇವಂತಾ ಹೊರಳಿ ಅವಳನ್ನು ದಿಟ್ಟಿಸಿದಳು. ಆ ಹೆಂಗಸು ಕಣ್ಣು ಕೆಳಗೆ ಮಾಡಲಿಲ್ಲ.

ಪಂಚಾಯಿತಿ ಈಗ ನಡೆಸುತ್ತಿರುವ ಹಾಗೆಯೇ ಕೂಸಿನ ಮನೆ ನಡೆಯಬೇಕೋ, ಮುಚ್ಚಬೇಕೋ ಎಂದು ಕೇಳಿದೆ. ಕೈ ಎತ್ತಿಸಿದೆ. ನಡೆಯಬೇಕು ಎಂದವರೇ ಬಹಳ. ಮುಚ್ಚಬೇಕು ಎಂದು ಹನ್ನೊಂದು ಕೈ ಎದ್ದವು. ಅದರಲ್ಲಿ ಅಭಯನದೊಂದು, ಆ ಹೆಂಗಸಿನದೊಂದು.

ನನ್ನ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಜನ ಎದ್ದು ಹೋದ ಮೇಲೆ ಅಣ್ಣಾಸಾಬ ಬಂದು ಎದುರು ಕುಳಿತರು. ಸಿಟ್ಟು ಇಳಿದಿತ್ತು. ಆದದ್ದು ಒಳ್ಳೆಯದೇ ಆಯಿತು, ಆದರೆ ಮುಂದುವರಿಸಲು ಸರ್ವಾನುಮತ ಎಂದೇ ಬರೆಯಿರಿ ಎಂದರು. ಒಡಕು ಕಂಡರೆ ತಾಲೂಕು ಪಂಚಾಯಿತಿಯಲ್ಲಿ ಊರಿನ ಹೆಸರು ಕೆಡುತ್ತದೆ, ವಾಡೆಯವರ ಹೆಸರು ವಿರೋಧದಲ್ಲಿ ಬರುವುದು ಅವರಿಗೂ ಶೋಭೆಯಲ್ಲ ಎಂಬುದು ಅಣ್ಣಾಸಾಬರ ವಾದ. ಆಗುವುದಿಲ್ಲ ಎಂದೆ. ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು.

"ಗೆದ್ದದ್ದು ನಿಮ್ಮ ಕಡೀನ ಅಲ್ರಿ? ಮತ್ಯಾಕ ಹಟಾ?"

ನನ್ನ ಕಡೆ ಯಾವುದು ಎಂದು ನಾನು ಅವರಿಗೆ ಎಂದೂ ಹೇಳಿರಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ. ನನಗೆ ಅಭಿಪ್ರಾಯ ಇಲ್ಲ ಎಂದಲ್ಲ. ಠರಾವಿನಲ್ಲಿ ಅದಕ್ಕೆ ಜಾಗವಿಲ್ಲ. ಹನ್ನೊಂದು ಕೈಗಳಿಗೆ ಜಾಗವಿದೆ. ಬೆಳಿಗ್ಗೆ ಖಾಸಗಿ, ಸಂಜೆ ಕಮ್ಯುನಿಸ್ಟ್ ಎಂದು ಕರೆಯುವವರು ಕರೆಯಲಿ. ಬೇಡ ಎಂದವರ ಬೇಡವನ್ನು ಅಳಿಸಿ ಊರನ್ನು ಒಗ್ಗಟ್ಟಾಗಿ ತೋರಿಸುವ ಕೆಲಸಕ್ಕೆ ನಾನು ಸಂಬಳ ಪಡೆಯುವುದಿಲ್ಲ. ಆಳುವ ವ್ಯವಸ್ಥೆ ದೊಡ್ಡದಿರಬೇಕೋ ಸಣ್ಣದಿರಬೇಕೋ ಎಂಬ ಚರ್ಚೆ ಓದಿದವರಿಗೆ ಬಹಳ ಇಷ್ಟ. ಕೇಳುವ ಪ್ರಶ್ನೆ ಕೂತವರಿಗೆಲ್ಲ ಒಂದೇ ಅರ್ಥದಲ್ಲಿ ತಲುಪಿತೇ ಎಂದು ಮೊದಲು ನೋಡಬೇಕು, ಸೋತವನ ಮಾತನ್ನೂ ಅವನು ಆಡಿದಂತೆಯೇ ಉಳಿಸಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಕೆಲವು ತಿಂಗಳ ಮೇಲೆ ನನಗೆ ಕಾಗವಾಡಕ್ಕೆ ಬದಲಿಯಾಯಿತು. ಇದೇ ಕಾರಣವೋ ಅಲ್ಲವೋ ವಿಚಾರಿಸಲಿಲ್ಲ.

ಸಭೆಯ ಮರುದಿನ ಬೆಳಿಗ್ಗೆ ಮೊದಲು ನಳದವನನ್ನು ಕರೆಸಿ ಕೇರಿಗೆ ಕಳಿಸಿದೆ. ಆಮೇಲೆ 'ಬಹುಮತದಿಂದ' ಎಂದು ಬರೆದ ಠರಾವನ್ನು, ವಿರೋಧಿಸಿದ ಹನ್ನೊಂದು ಜನರ ಹೆಸರಿನೊಂದಿಗೆ, ಕಚೇರಿಯ ಫಲಕಕ್ಕೆ ಅಂಟಿಸಿದೆ. ಇನ್ನೊಂದು ಪ್ರತಿ ಹಿಡಿದು ವಾಡೆಗೆ ನಡೆದುಹೋದೆ. ಅಭಯ ಕಟ್ಟೆಯ ಮೇಲೆ ಕುಳಿತಿದ್ದ. ನಿಮ್ಮ ವಿರೋಧದ ಕಾರಣ ನೀವು ಹೇಳಿದಂತೆಯೇ ಬಂದಿದೆಯೋ ಓದಿ ನೋಡಿ, ತಪ್ಪಿದ್ದರೆ ತಿದ್ದಿಕೊಡುತ್ತೇನೆ ಎಂದು ಕಾಗದ ಅವನ ಕೈಗೆ ಕೊಟ್ಟು, ಅವನು ಓದಿ ಮುಗಿಸುವವರೆಗೆ ಅಲ್ಲೇ ನಿಂತೆ.