ಮೊದಲನೇ ಗುಣಿ

ನೆಲ ಅಗೆಯುವ ಆ ಬಕೆಟ್ಟಿನ ಹಲ್ಲುಗಳಲ್ಲಿ ಮಣ್ಣು ಒಣಗಿ ಕಚ್ಚಿಕೊಂಡು ಎರಡು ತಿಂಗಳಾಗಿತ್ತು. ಅದನ್ನು ತೊಳೆಯಲು ಹೇಳಿದವರ ಮೇಲೆ ಕಾಂತರಾಜು ಒಮ್ಮೆ ಸ್ಪ್ಯಾನರ್ ಎಸೆದಿದ್ದರು.

ಗೊರೂರಿನಿಂದ ಅರಕಲಗೂಡಿಗೆ ಹೋಗುವ ರಸ್ತೆಯಲ್ಲಿ ಅವರದೊಂದು ವೆಲ್ಡಿಂಗ್ ಶೆಡ್ಡು. ತೆಂಗಿನ ತೋಟಕ್ಕೆ ದೊಡ್ಡ ಜೆಸಿಬಿ ನುಗ್ಗಿದರೆ ಬದು ಒಡೆಯುತ್ತದೆ, ಡ್ರಿಪ್ ಪೈಪು ಕಿತ್ತು ಬರುತ್ತದೆ. ಗುದ್ದಲಿ ಹಿಡಿಯಲು ಆಳು ಸಿಗುವುದಿಲ್ಲ. ಮರಗಳ ನಡುವೆ ನುಸುಳುವ ತಮ್ಮ ಮಿನಿ ಟ್ರ್ಯಾಕ್ಟರಿಗೇ ಒಂದು ಅಗೆಯುವ ತೋಳು ಕೂರಿಸಿದರೆ ಸುತ್ತಲಿನ ತೋಟಗಳೆಲ್ಲ ತಮ್ಮನ್ನೇ ಕರೆಯುತ್ತವೆ ಎಂದು ಅವರು ನಂಬಿದ್ದರು. ಬೇರೆ ಕೆಲಸ ಬಿಟ್ಟು ಇಡೀ ಬೇಸಿಗೆಯನ್ನು ಅದಕ್ಕೇ ಹಾಕಿದರು.

ಮೊದಲು ತೋಳನ್ನು ನೇಗಿಲು ಎತ್ತುವ ಹಿಂದಿನ ಲಿಫ್ಟಿಗೆ ಮಾತ್ರ ಸಿಕ್ಕಿಸಿದ್ದರು. ಬಕೆಟ್ಟು ನೆಲ ಕಚ್ಚಿದ್ದೇ ತಡ, ಮುಂದಿನ ಗಾಲಿಗಳೆರಡೂ ಮೇಲೆದ್ದವು. ಎಲ್ಲ ಬಿಚ್ಚಿದರು. ಎಂಜಿನ್ನಿನ ಅಡಿಯಲ್ಲಿ ಹಿಂದಿನಿಂದ ಮುಂದಿನವರೆಗೆ ಎರಡು ಕಬ್ಬಿಣದ ಚಾನೆಲ್ ತೊಲೆ ಓಡಿಸಿ, ಭಾರ ಗೇರ್‌ಬಾಕ್ಸಿನ ಬದಲು ಅವುಗಳ ಮೇಲೆ ಬೀಳುವಂತೆ ಮಾಡಿದರು. ಹಿಂದೆ ನೆಲಕ್ಕೂರುವ ಎರಡು ಕಾಲು ಕೊಟ್ಟು, ಮೂತಿಗೆ ಕಾಂಕ್ರೀಟ್ ತುಂಬಿದ ಡಬ್ಬ ಕಟ್ಟಿದರು. ಈ ಸಲ ಗಾಡಿ ಅಲುಗಲಿಲ್ಲ. ಹೊಳೆನರಸೀಪುರದ ಹತ್ತಿರ ಹೊಸ ತೋಟ ಮಾಡುತ್ತಿದ್ದ ದೇವರಾಜ್ ಬಂದು ನೋಡಿ, ಗುಣಿಗಳನ್ನೆಲ್ಲ ಇದರಲ್ಲೇ ತೆಗೆಸುವುದಾಗಿ ಮಾತು ಕೊಟ್ಟರು.

ಗುಣಿ ಎಂದರೆ ತೆಂಗಿನ ಸಸಿ ಇಡುವ ಹಳ್ಳ. ಹೆಣ ಇಡುವ ಹಳ್ಳಕ್ಕೂ ಈ ಕಡೆ ಅದೇ ಮಾತು.

ಆ ಸಂಜೆ ಪಕ್ಕದ ಊರಿನ ಶಿವರಾಜು ಫೋನ್ ಮಾಡಿದಾಗ ಶೆಡ್ಡಿನಲ್ಲಿ ಗ್ರೈಂಡರ್ ಓಡುತ್ತಿತ್ತು.

“ಅಣ್ಣ, ಬೆಳಿಗ್ಗೆ ಒಂದು ಗುಣಿ ತಗೀಬೇಕಲ್ಲ, ನಿನ್ ಗಾಡೀಲಿ ಆಯ್ತದಾ?”

“ಎಲ್ಲಿ?”

“ತ್ವಾಟದಲ್ಲೇ.”

“ಒಂದೇ ಸಾಕೇನ್ಲಾ?”

“ಒಂದೇ ಕಣಣ್ಣ.”

ಪರೀಕ್ಷೆಗೆ ಒಂದು ತೆಗೆಸಿ ನೋಡುತ್ತಾನೆ ಎಂದುಕೊಂಡರು ಕಾಂತರಾಜು. ಹೊಸ ಗಾಡಿಯ ಮೊದಲನೇ ಗುಣಿ ಬೇರೆ. ಬಕೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ತೋಳಿಗೆ ಚೆಂಡುಹೂವಿನ ಹಾರ ಹಾಕಿಕೊಂಡು ಬೆಳಿಗ್ಗೆ ಹೊರಟರು. ಶಿವರಾಜುವಿನ ಮನೆ ಮುಂದೆ ಚಟ್ಟ ಕಟ್ಟುತ್ತಿದ್ದರು. ಅವನ ತಂದೆ ಚನ್ನಪ್ಪ ತೀರಿಕೊಂಡಿದ್ದರು.

ಜಗಲಿಯಲ್ಲಿದ್ದ ಮುದುಕರೊಬ್ಬರು, “ಎಷ್ಟು ತಿಳಿದೋನು ನೋಡಿ, ಹಾರಾನೂ ತಂದವ್ನೆ” ಎಂದರು. ಯಾರೋ ಅದನ್ನು ಬಿಚ್ಚಿ ಚನ್ನಪ್ಪನವರ ಮೇಲೆ ಹಾಕಿದರು. ಸಾವಿನ ಮನೆಯ ಮುಂದಿನಿಂದ ಗಾಡಿ ತಿರುಗಿಸಿಕೊಂಡು ಹೋಗಲಾಗುತ್ತದೆಯೇ? ಕಾಂತರಾಜು ತೋಟಕ್ಕೆ ಹೋಗಿ ಗುಣಿ ತೆಗೆದರು.

ವಾರದೊಳಗೆ ಗಾಡಿಗೆ ‘ಮಸಾಣದ ಜೆಸಿಬಿ’ ಎಂಬ ಹೆಸರು ಬಿತ್ತು. ದೇವರಾಜ್ ಫೋನ್ ಮಾಡಿದರು.

“ನನಗೇನೂ ಇಲ್ಲ ಕಣಯ್ಯ. ಮನೇಲಿ ಹೆಂಗಸರು ಒಪ್ಪಲ್ಲ.”

“ಅಮ್ಮಾರಿಗೆ ಫೋನ್ ಕೊಡಿ ಸಾ, ನಾನೇ ಮಾತಾಡ್ತೀನಿ.”

ಫೋನ್ ಕಟ್ಟಾಯಿತು.

ಹನ್ನೊಂದನೇ ದಿನದ ತಿಥಿಗೆ ಕಾಂತರಾಜು ಹೋದದ್ದು ಊಟಕ್ಕಲ್ಲ, ಜಗಳಕ್ಕೆ. ಪಂಕ್ತಿಯಲ್ಲಿ ಕೂತಿದ್ದ ಒಬ್ಬ, “ಯಾರ್ ಅಳ್ತೆ ತಗಳಕ್ಕೆ ಬಂದ್ಯಪ್ಪ?” ಎಂದ.

“ನಿನ್ ಅಳ್ತೆ ಗೊತ್ತು, ಉಣ್ಣು” ಎಂದು ಕಾಂತರಾಜು ಶಿವರಾಜುವನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದೊಯ್ದರು.

“ಸಾವು ಅಂತ ಒಂದ್ ಮಾತು ಯೋಳಕ್ಕೆ ಏನಾಗಿತ್ಲಾ ನಿಂಗೆ?”

ಶಿವರಾಜು ಬೋಳಿಸಿದ ತಲೆಯ ಮೇಲೆ ಕೈಯಾಡಿಸಿಕೊಂಡ. “ಬಾಯಿಗೆ ಬರ್ಲಿಲ್ಲ ಕಣಣ್ಣ. ಅಪ್ಪ ಓದ ಅನ್ನಕ್ಕೆ ಆಗ್ಲಿಲ್ಲ. ಗುಣಿ ಅಂದ್ರೆ ತಿಳೀತದೆ ಅಂದ್ಕಂಡೆ.”

ಅವನಿಗೆಂದು ತಂದಿದ್ದ ಬೈಗುಳವನ್ನೆಲ್ಲ ಕಾಂತರಾಜು ಹಾಗೇ ಮನೆಗೆ ಹೊತ್ತುಕೊಂಡು ಬಂದರು. ತಾಯಿ ಬೆಟ್ಟಮ್ಮ ಸಮಾಧಾನ ಹೇಳಿದರು: “ಓಗ್ಲಿ ಬುಡು ಮಗ. ಗೊರೂರಲ್ಲಿ ಒಳೆ ನೀರಾಕಿ ತೊಳ್ಕಂಡು, ಒಂದ್ ಪೂಜೆ ಮಾಡ್ಸು. ಜನ ಕರೀತಾರೆ.”

“ತೊಳುದ್ರೆ ತಪ್ಪು ಮಾಡಿವ್ನಿ ಅಂತ ಒಪ್ಕಂಡಂಗೆ ಕಣವ್ವ. ಇವ್ರನ್ನೆಲ್ಲ ನಾಳೆ ಎಲ್ಲಿ ಇಡ್ತಾರಂತೆ? ಅಟ್ಟದ ಮೇಲಾ?”

ಗಾಡಿ ಶೆಡ್ಡಿನೊಳಗೆ ನಿಂತಿತು. ಒಂದು ತೋಟವೂ ಕರೆಯಲಿಲ್ಲ. ಅಷ್ಟರಲ್ಲಿ ದೇವರಾಜ್ ದೊಡ್ಡ ಜೆಸಿಬಿ ತರಿಸಿ, ಒಂದೇ ದಿನಕ್ಕೆ ಪೈಪುಗಳನ್ನೆಲ್ಲ ಕೀಳಿಸಿಕೊಂಡು, ಮತ್ತೆ ಫೋನ್ ಮಾಡಿದರು. “ಎರಡು ಬಿಂದಿಗೆ ಹೊಳೆ ನೀರು ಹಾಕ್ಕೊಂಡು ಬಂದ್ಬಿಡಯ್ಯ. ಹೆಂಗಸರಿಗೆ ನಾನು ಹೇಳ್ತೀನಿ.”

“ಚನ್ನಪ್ಪನ ಗುಣಿ ಮಣ್ಣು ಅಂಗೇ ಅದೆ ಸಾ. ಅದ್ರಲ್ಲೇ ಬತ್ತೀನಿ. ಬೇಕಾದ್ರೆ ಯೋಳಿ.”

ದೇವರಾಜ್ ಯೋಚಿಸಿ ಹೇಳುತ್ತೇನೆಂದರು. ಇನ್ನೂ ಹೇಳಿಲ್ಲ.

ಹೋದ ವಾರ ಶಿವರಾಜು ಫೋನ್ ಮಾಡಿದ. “ಅಣ್ಣ, ಗುಣಿ...”

“ಯಾವ ಗುಣಿ? ಬಾಯಿ ಬುಟ್ಟು ಯೋಳ್ಲಾ!”

“ತೆಂಗಿಂದು ಕಣಣ್ಣ, ತೆಂಗಿಂದು. ಅಪ್ಪನ ಪಕ್ಕದ ಸಾಲು. ಬಿದ್ದೋಗಿರೋ ಮರದ ಜಾಗಕ್ಕೆಲ್ಲ ಸಸಿ ಇಡ್ತೀನಿ.”

ಕಾಂತರಾಜು ಹಾರ, ಕುಂಕುಮ ಏನೂ ಇಲ್ಲದೆ ಹೋದರು. ಗಾಡಿಯ ಕಾಲೂರಿ, ತೋಳು ಚಾಚಿ, ಬಕೆಟ್ಟನ್ನು ನೆಲಕ್ಕೆ ಗುದ್ದಿದರು. ಎರಡು ತಿಂಗಳ ಮಣ್ಣು ಮೊದಲ ಏಟಿಗೇ ಹೆಂಟೆಹೆಂಟೆಯಾಗಿ ಕಳಚಿ ಬಿತ್ತು. ರಸ್ತೆಯಲ್ಲಿ ಬೈಕು ನಿಲ್ಲಿಸಿಕೊಂಡು ಕೆಲವರು ನೋಡುತ್ತಿದ್ದರು. ಕಾಂತರಾಜು ಎಂಜಿನ್ ಆರಿಸಿ, ಸೀಟಿನ ಮೇಲೆ ಎದ್ದು ನಿಂತು ಅವರತ್ತ ಕೂಗಿದರು:

“ನಾನ್ ತೊಳೀಲಿಲ್ಲ ಕಣ್ರಲಾ! ಅದೇ ಉದುರ್ಕತು!”